ಹಿಂದಿರುಗುವ ಸರಕಿನ ಚರಿತ್ರೆ: ಮುತ್ತಿನ ಜಾಂಗಡದಿಂದ ‘ಉಚಿತ ವಾಪಸಾತಿ’ಯವರೆಗೆ

ಸಲ್ಮಾನಿಯಾದ ನಮ್ಮ ವಸತಿ ಕಟ್ಟಡಗಳಲ್ಲಿ ಕಪಾಟಿನ ಮೇಲೆ ಒಂದೆರಡು ರಟ್ಟಿನ ಪೆಟ್ಟಿಗೆಗಳು ಕೂತಿರದ ಮನೆ ಅಪರೂಪ. ಅಳತೆ ಸರಿಯಾಗದ ಪಾದರಕ್ಷೆ, ಚಿತ್ರದಲ್ಲಿ ಕಂಡ ಬಣ್ಣವೇ ಬೇರೆ ಬಂದ ಬಣ್ಣವೇ ಬೇರೆಯಾದ ಅಂಗಿ, ನಮ್ಮ ಗೋಡೆಯ ಸಾಕೆಟ್ಟಿಗೆ ಹೊಂದದ ಪ್ಲಗ್ಗಿನ ಮಿಕ್ಸರ್ ಮುಂತಾದ ವಸ್ತುಗಳು ಅವುಗಳಲ್ಲಿ ಉಳಿದಿರುತ್ತವೆ. ಕೊಳ್ಳುವಾಗ ಪರದೆಯ ಮೇಲೆ ‘ಉಚಿತ ವಾಪಸಾತಿ’ ಎಂಬ ಎರಡು ಪದಗಳು ಹೊಳೆದಿದ್ದವು. ಆ ಭರವಸೆಯೇ ಕೈಯನ್ನು ಗುಂಡಿಯತ್ತ ಒಯ್ದಿತ್ತು. ಸರಕು ಮಾತ್ರ ಹಿಂದಿರುಗಲಿಲ್ಲ. ಇದನ್ನು ಕೇವಲ ಇಂದಿನ ಅಂತರಜಾಲ ವ್ಯಾಪಾರದ ದೋಷವೆಂದು ತಿಳಿಯುವುದು ಸರಿಯಲ್ಲ. ಕೊಂಡ ವಸ್ತುವನ್ನು ಹಿಂದಿರುಗಿಸುವ ಪದ್ಧತಿಗೆ ದೀರ್ಘವಾದ ಇತಿಹಾಸವಿದೆ. ಅದರ ಒಂದು ಎಳೆ ನಾವಿರುವ ಈ ದ್ವೀಪದ ಮೂಲಕವೂ, ಇನ್ನೊಂದು ಎಳೆ ನಮ್ಮ ಕನ್ನಡ ನಾಡಿನ ಪುಸ್ತಕ ವ್ಯಾಪಾರದ ಮೂಲಕವೂ ಹಾದುಹೋಗಿದೆ. ಹಿಂದಿರುಗುವ ದಾರಿಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ಪ್ರತಿಯೊಂದು ಕಾಲವೂ ಒಂದೊಂದು ಬಗೆಯಲ್ಲಿ ಬಿಡಿಸಿಕೊಂಡಿತು. ನಮ್ಮ ಕಾಲ ಅದನ್ನು ಬಿಡಿಸಿಕೊಂಡ ಬಗೆ ದ್ವೀಪವಾಸಿಗಳಿಗೆ ಅನುಕೂಲವಾಗಿಲ್ಲ.

ಮೊದಲು ಮುತ್ತಿನ ಕಾಲಕ್ಕೆ ಹೋಗೋಣ. ತೈಲ ದೊರೆಯುವುದಕ್ಕೆ ಮುನ್ನ, ಅಂದರೆ 1932ಕ್ಕೆ ಮುನ್ನ, ಬಹ್ರೇನಿನ ಜೀವನಾಧಾರ ಮುತ್ತೇ ಆಗಿತ್ತು. ಬೇಸಿಗೆಯಲ್ಲಿ ಕಡಲಿಗಿಳಿದ ಮುಳುಗುಗಾರರು ತಂದ ಮುತ್ತುಗಳನ್ನು ‘ತವ್ವಾಶ್’ ಎಂದು ಕರೆಯಲಾಗುತ್ತಿದ್ದ ವರ್ತಕರು ಕೊಳ್ಳುತ್ತಿದ್ದರು; ಅವುಗಳ ಬಹುಪಾಲು ಮುಂಬಯಿಗೆ ಹೋಗುತ್ತಿತ್ತು. 1912ರಲ್ಲಿ ಪ್ಯಾರಿಸಿನ ಪ್ರಸಿದ್ಧ ಆಭರಣ ಮನೆತನದ ಜಾಕ್ ಕಾರ್ತಿಯೇ ಸ್ವತಃ ಬಹ್ರೇನಿಗೆ ಬಂದುದು, ಮುಂಬಯಿಯ ಮಧ್ಯವರ್ತಿಗಳನ್ನು ಬಿಟ್ಟು ಮೂಲದಲ್ಲೇ ಮುತ್ತು ಕೊಳ್ಳಬಹುದೇ ಎಂದು ನೋಡುವುದಕ್ಕೆ. ಆ ಮಧ್ಯವರ್ತಿಗಳನ್ನು ಬಿಡುವುದು ಸುಲಭವಿರಲಿಲ್ಲ. ಏಕೆಂದರೆ ಮುಂಬಯಿಯ ಮುತ್ತು ಮತ್ತು ವಜ್ರದ ಪೇಟೆಯಲ್ಲಿ ‘ಜಾಂಗಡ್’ ಎಂಬ ಒಂದು ವಿಶಿಷ್ಟ ಪದ್ಧತಿ ಬೇರೂರಿತ್ತು.

ಜಾಂಗಡ್ ಎಂದರೆ ಒಪ್ಪಿಗೆಯ ಮೇಲೆ ಸರಕನ್ನು ಒಪ್ಪಿಸುವುದು. ವರ್ತಕನು ಮುತ್ತಿನ ಪೊಟ್ಟಣವನ್ನು ದಲ್ಲಾಳಿಗೋ ಮತ್ತೊಬ್ಬ ವರ್ತಕನಿಗೋ ಒಂದು ಚೀಟಿ ಬರೆಸಿಕೊಂಡು ಕೊಡುತ್ತಿದ್ದ. ತೆಗೆದುಕೊಂಡವನು ಅದನ್ನು ಗಿರಾಕಿಗೆ ತೋರಿಸಿ, ಬೆಲೆ ಕುದುರಿದರೆ ಹಣ ತರಬೇಕು. ಕುದುರದಿದ್ದರೆ ಪೊಟ್ಟಣವನ್ನು ಇದ್ದಂತೆಯೇ ಹಿಂದಿರುಗಿಸಬೇಕು. ಒಪ್ಪಿಗೆಯಾಗುವವರೆಗೆ ಸರಕಿನ ಒಡೆತನ ಕೊಟ್ಟವನದೇ. 1930ರ ಭಾರತದ ಸರಕು ಮಾರಾಟ ಕಾಯಿದೆಯ 24ನೆಯ ಕಲಮು ಹೇಳುವುದೂ ಇದನ್ನೇ: ಒಪ್ಪಿಗೆಯ ಮೇಲೆ ಅಥವಾ ‘ಮಾರಾಟ ಇಲ್ಲವೇ ವಾಪಸು’ ಎಂಬ ಕರಾರಿನ ಮೇಲೆ ಪಡೆದ ಸರಕನ್ನು ಪಡೆದವನು ಒಪ್ಪಿದಾಗ, ಅಥವಾ ನಿರಾಕರಣೆಯನ್ನು ತಿಳಿಸದೆ ಗೊತ್ತಾದ ಅವಧಿ ಮೀರಿ ಇಟ್ಟುಕೊಂಡಾಗ, ಒಡೆತನ ಅವನಿಗೆ ಸೇರುತ್ತದೆ. ಇಂದಿನ ‘ಮೂವತ್ತು ದಿನಗಳೊಳಗೆ ಹಿಂದಿರುಗಿಸಿ’ ಎಂಬ ಮಾತಿನ ತಿರುಳು ಅಲ್ಲಿಯೇ ಇದೆ. ಆದರೆ ಒಂದು ಭೇದವನ್ನು ಗಮನಿಸಬೇಕು. ಜಾಂಗಡಿನಲ್ಲಿ ಸರಕು ಹಿಂದಿರುಗುತ್ತಿದ್ದುದು ಅದೇ ಬೀದಿಯ ಎರಡು ಪೆಢಿಗಳ ನಡುವೆ. ಕೊಟ್ಟವನಿಗೆ ಪಡೆದವನ ತಂದೆಯೂ ಗೊತ್ತು, ಅವನ ಸಾಲವೂ ಗೊತ್ತು. ದಾರಿಖರ್ಚು ಎಂಬುದೇ ಇರಲಿಲ್ಲ. ಇದ್ದುದು ಮಾನದ ಖರ್ಚು. ಒಮ್ಮೆ ಪೊಟ್ಟಣದಲ್ಲಿ ಒಂದು ಮುತ್ತು ಬದಲಾದರೆ ಆ ದಲ್ಲಾಳಿಯ ಬಾಳು ಮುಗಿದಂತೆಯೇ.

ಕನ್ನಡ ನಾಡಿನ ಬಟ್ಟೆಯಂಗಡಿಗಳಲ್ಲಿಯೂ ಇದರ ಸಣ್ಣ ರೂಪವೊಂದಿತ್ತು. ಮದುವೆಯ ಜವಳಿ ತೆಗೆಯುವಾಗ ಪರಿಚಿತ ಮನೆತನದವರಿಗೆ ಅಂಗಡಿಯವರು ಹತ್ತು ಸೀರೆಗಳನ್ನು ಗಂಟು ಕಟ್ಟಿ ಕಳುಹಿಸುತ್ತಿದ್ದರು. ಹೆಂಗಸರು ಮನೆಯಲ್ಲಿ ನೋಡಿ ಪಸಂದಾದ ನಾಲ್ಕನ್ನು ಇಟ್ಟುಕೊಂಡು ಆರನ್ನು ಮರಳಿಸುತ್ತಿದ್ದರು. ಗಂಟು ಹೊತ್ತು ತಂದ ಹುಡುಗನೇ ಸಂಜೆ ಅದನ್ನು ಹೊತ್ತು ಒಯ್ಯುತ್ತಿದ್ದ. ಹಿರಿಯ ಸದಸ್ಯರಲ್ಲಿ ಹಲವರಿಗೆ ಇದರ ನೆನಪಿದ್ದೀತು.

ಪರಿಚಯದ ಬೀದಿಯನ್ನು ದಾಟಿ ವ್ಯಾಪಾರ ದೂರಕ್ಕೆ ಹೋದದ್ದು ಅಂಚೆಯಿಂದ. ಬಹ್ರೇನಿನ ಅಂಚೆಯ ಇತಿಹಾಸ ಭಾರತದ ಅಂಚೆಯ ಇತಿಹಾಸದ ಒಂದು ಅಧ್ಯಾಯವೇ ಆಗಿದೆ ಎಂಬುದು ನಮ್ಮ ಮಕ್ಕಳಿಗೆ ಆಶ್ಚರ್ಯವಾಗಬಹುದು. 1862ರಲ್ಲಿ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳು ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಅಂಚೆ ತರಲಾರಂಭಿಸಿದವು. 1884ರ ಆಗಸ್ಟ್ 1ರಂದು ಬಹ್ರೇನಿನಲ್ಲಿ ಮೊದಲ ಅಂಚೆ ಕಚೇರಿ ತೆರೆಯಿತು. ಅದು ಬುಶಹರ್ ಕಚೇರಿಯ ಅಧೀನದಲ್ಲಿದ್ದ, ಭಾರತದ ಅಂಚೆ ಇಲಾಖೆಗೆ ಸೇರಿದ ಕಚೇರಿ. ಇಲ್ಲಿ ನಡೆಯುತ್ತಿದ್ದುದು ಭಾರತದ ಅಂಚೆಚೀಟಿ, ಭಾರತದ ರೂಪಾಯಿ. 1933ರಲ್ಲಿ ಆ ಅಂಚೆಚೀಟಿಗಳ ಮೇಲೆಯೇ ‘ಬಹ್ರೇನ್’ ಎಂದು ಮುದ್ರೆಯೊತ್ತಿ ಬಳಸಿದರು. 1948ರಲ್ಲಿ ಆಡಳಿತ ಬ್ರಿಟನ್ನಿನ ಅಂಚೆಗೆ ಹೋಯಿತು. 1966ರಲ್ಲಿ ಬಹ್ರೇನ್ ತನ್ನ ಅಂಚೆಯನ್ನು ತಾನೇ ವಹಿಸಿಕೊಂಡಿತು. ಹತ್ತು ರೂಪಾಯಿಗೆ ಒಂದರಂತೆ ದಿನಾರ್ ಬಂದದ್ದು 1965ರಲ್ಲಿ.

ಭಾರತದ ಅಂಚೆಯು 1877ರಲ್ಲಿ ಒಂದು ಹೊಸ ಸೌಕರ್ಯವನ್ನು ಆರಂಭಿಸಿತು: ವ್ಯಾಲ್ಯೂ ಪೇಯಬಲ್ ಪಾರ್ಸೆಲ್. ಕನ್ನಡದಲ್ಲಿ ಅದು ಬಹುಬೇಗ ‘ವಿ.ಪಿ.ಪಿ.’ ಆಯಿತು, ಬಳಿಕ ಬರಿಯ ‘ವಿ.ಪಿ.’ ಆಯಿತು. ಮಾರುವವನು ಸರಕನ್ನು ಅಂಚೆಗೆ ಕೊಡುತ್ತಾನೆ. ಅಂಚೆಯವನು ಕೊಳ್ಳುವವನ ಬಾಗಿಲಲ್ಲಿ ಹಣ ಪಡೆದು ಸರಕನ್ನು ಕೊಟ್ಟು, ಹಣವನ್ನು ಮಾರಿದವನಿಗೆ ತಲುಪಿಸುತ್ತಾನೆ. ಕನ್ನಡದ ಪುಸ್ತಕ ಪ್ರಕಾಶನಕ್ಕೆ, ಪಂಚಾಂಗ, ಔಷಧಿ, ಬೀಜಗಳ ವ್ಯಾಪಾರಕ್ಕೆ ಇದು ದೊಡ್ಡ ಆಸರೆಯಾಯಿತು. ಧಾರವಾಡದ ಪುಸ್ತಕ ತೀರ್ಥಹಳ್ಳಿಯ ಓದುಗನಿಗೆ, ಬೆಂಗಳೂರಿನ ಮಾಸಪತ್ರಿಕೆ ಕಾಸರಗೋಡಿನ ಶಾಲಾ ಮಾಸ್ತರರಿಗೆ ತಲುಪಿದ್ದು ಹೀಗೆಯೇ.

ಈ ಏರ್ಪಾಟಿನ ಕೊರತೆಯೂ ಅಷ್ಟೇ ಪ್ರಸಿದ್ಧ. ಬಾಗಿಲಿಗೆ ಬಂದ ವಿ.ಪಿ.ಯನ್ನು ತೆಗೆದುಕೊಳ್ಳದೆ ಮರಳಿಸಿದರೆ ಓದುಗನಿಗೆ ಕಾಸಿನ ನಷ್ಟವಿಲ್ಲ. ಹೋಗುವ ಅಂಚೆವೆಚ್ಚ ಕಳುಹಿಸಿದವನ ತಲೆಯ ಮೇಲೆ. ಹಳೆಯ ಕನ್ನಡ ಪತ್ರಿಕೆಗಳ ರಕ್ಷಾಪುಟವನ್ನು ತಿರುವಿದವರಿಗೆ ಆ ಒಕ್ಕಣೆಯ ಪರಿಚಯವಿದೆ: ಚಂದಾ ಮುಗಿದಿದೆ, ಮುಂದಿನ ಸಂಚಿಕೆ ವಿ.ಪಿ.ಯಲ್ಲಿ ಬರುವುದು, ಬೇಡವಾದವರು ಮುಂಚಿತವಾಗಿ ಒಂದು ಕಾರ್ಡು ಬರೆಯಬೇಕು, ದಯಮಾಡಿ ವಾಪಸು ಮಾಡಿ ನಷ್ಟಕ್ಕೆ ಗುರಿಮಾಡಬಾರದು. ಆ ಬೇಡಿಕೆಯ ಧ್ವನಿಯಲ್ಲಿ ಒಂದು ವಾಚಕವರ್ಗವನ್ನು ಕಟ್ಟುವ ಕಷ್ಟವೆಲ್ಲ ಇದೆ. ಗಳಗನಾಥರು ಎಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದರು ಎಂಬುದನ್ನು ನಾವು ತ್ಯಾಗದ ಕಥೆಯಾಗಿ ಹೇಳುತ್ತೇವೆ. ಅದು ತ್ಯಾಗವೇ ಸರಿ. ಜೊತೆಗೆ ಅದು ಲೆಕ್ಕಾಚಾರವೂ ಹೌದೆಂದು ನನ್ನ ಎಣಿಕೆ. ಕೈಯಾರೆ ಕೊಟ್ಟ ಪುಸ್ತಕ ವಾಪಸು ಬರುವುದಿಲ್ಲ.

ಇತ್ತ ಅಮೆರಿಕದಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1872ರಲ್ಲಿ ಶಿಕಾಗೋದ ಆರನ್ ಮಾಂಟ್ಗೊಮರಿ ವಾರ್ಡ್ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಮುದ್ರಿಸಿ ರೈತರಿಗೆ ಅಂಚೆಯ ಮೂಲಕ ಮಾರತೊಡಗಿದ. ಕೆಲವೇ ವರ್ಷಗಳಲ್ಲಿ ‘ತೃಪ್ತಿಯಾಗದಿದ್ದರೆ ನಿಮ್ಮ ಹಣ ವಾಪಸು’ ಎಂಬ ಭರವಸೆಯನ್ನು ಸೇರಿಸಿದ. ಸಿಯರ್ಸ್ ಕಂಪನಿ ಅದನ್ನೇ ಹಿಗ್ಗಿಸಿತು. 1913ರ ಜನವರಿ 1ರಂದು ಅಮೆರಿಕದ ಅಂಚೆಯು ಪಾರ್ಸೆಲ್ ಸೇವೆಯನ್ನು ಆರಂಭಿಸಿದ ಮೇಲೆ ಈ ವ್ಯಾಪಾರಕ್ಕೆ ತಡೆಯೇ ಇಲ್ಲವಾಯಿತು. ಮೇಯ್ನ್ ಪ್ರಾಂತದ ಲಿಯಾನ್ ಲಿಯೊನ್‌ವುಡ್ ಬೀನ್ 1912ರಲ್ಲಿ ಅಂಚೆಯಲ್ಲಿ ಮಾರಿದ ಮೊದಲ ನೂರು ಜೊತೆ ಬೂಟುಗಳಲ್ಲಿ ತೊಂಬತ್ತು ಜೊತೆ ಹೊಲಿಗೆ ಬಿಚ್ಚಿ ಹಿಂದಿರುಗಿದವು. ಆತ ಸಾಲ ಮಾಡಿ ಎಲ್ಲರ ಹಣವನ್ನೂ ಮರಳಿಸಿ, ಬೂಟನ್ನು ತಿದ್ದಿ ಮತ್ತೆ ಮಾರಿದ. ಆ ಸಂಸ್ಥೆ ಎಲ್.ಎಲ್. ಬೀನ್ ಎಂಬ ಹೆಸರಿನಲ್ಲಿ ಇಂದಿಗೂ ಇದೆ. ಕಾಲಮಿತಿಯಿಲ್ಲದೆ ಯಾವಾಗ ಬೇಕಾದರೂ ಮರಳಿಸಬಹುದೆಂಬ ಅದರ ಭರವಸೆ 2018ರವರೆಗೆ ಉಳಿದು, ಆ ವರ್ಷ ಒಂದು ವರ್ಷದ ಗಡುವಿಗೆ ಇಳಿಯಿತು. ಹಳೆಯ ಸಂತೆಯಲ್ಲಿ ಕೊಂಡ ಸವೆದ ಬೂಟುಗಳನ್ನೂ ಜನರು ತಂದು ಹೊಸದನ್ನು ಕೇಳತೊಡಗಿದ್ದರು.

ಈ ಭರವಸೆ ಅಮೆರಿಕದಲ್ಲಿ ನಡೆದುದಕ್ಕೆ ಮಾರುವವರ ಔದಾರ್ಯವೊಂದೇ ಕಾರಣವಲ್ಲ. ಒಂದು ಖಂಡದಗಲದ ದೇಶ, ಒಂದೇ ನಾಣ್ಯ, ಒಂದೇ ಅಂಚೆ, ನಡುವೆ ಸುಂಕದ ಕಟ್ಟೆ ಇಲ್ಲ. ಬೂಟು ಮೇಯ್ನಿನಿಂದ ಟೆಕ್ಸಾಸಿಗೆ ಹೋಗುವ ಖರ್ಚೂ ಟೆಕ್ಸಾಸಿನಿಂದ ಮೇಯ್ನಿಗೆ ಬರುವ ಖರ್ಚೂ ಒಂದೇ. ಹಿಂದಿರುಗುವ ದಾರಿ ಬರುವ ದಾರಿಯಷ್ಟೇ ಸಲೀಸಾಗಿದ್ದಲ್ಲಿ ಮಾತ್ರ ಉಚಿತ ವಾಪಸಾತಿ ಲೆಕ್ಕಕ್ಕೆ ಕೂರುತ್ತದೆ.

ಯುರೋಪು ಇದನ್ನು ವ್ಯಾಪಾರಿಯ ಔದಾರ್ಯಕ್ಕೆ ಬಿಡದೆ ಕಾನೂನು ಮಾಡಿತು. ಅಂಗಡಿಯಲ್ಲಿ ಕೈಯಿಂದ ಮುಟ್ಟಿ ನೋಡುವ ಅವಕಾಶ ದೂರದಿಂದ ಕೊಳ್ಳುವವನಿಗೆ ಇಲ್ಲವಾದುದರಿಂದ, ಕಾರಣ ಹೇಳದೆ ಹಿಂದೆಗೆಯುವ ಹಕ್ಕನ್ನು 1997ರ ನಿರ್ದೇಶನ ಏಳು ಕೆಲಸದ ದಿನಗಳಿಗೆ ಕೊಟ್ಟಿತು. 2011ರ ನಿರ್ದೇಶನ ಅದನ್ನು ಹದಿನಾಲ್ಕು ದಿನಗಳಿಗೆ ಏರಿಸಿತು. ಅಲ್ಲಿಯೂ ಒಂದು ಸೂಕ್ಷ್ಮವಿದೆ. ಮೊದಲು ಕಳುಹಿಸಿದ ಸಾಮಾನ್ಯ ಸಾಗಣೆಯ ವೆಚ್ಚವನ್ನು ವ್ಯಾಪಾರಿ ಮರಳಿಸಬೇಕು. ಹಿಂದಿರುಗಿಸುವ ವೆಚ್ಚ ಮಾತ್ರ, ಬೇರೆ ಮಾತಾಗಿರದಿದ್ದರೆ, ಕೊಂಡವನದು. ಜರ್ಮನಿಯಲ್ಲಿ 2014ರವರೆಗೆ 40 ಯೂರೋ ಮೀರಿದ ಸರಕಿಗೆ ಆ ವೆಚ್ಚವನ್ನೂ ವ್ಯಾಪಾರಿಯೇ ಹೊರುವ ನಿಯಮವಿತ್ತು. ನಿಯಮ ಹೋದ ಮೇಲೂ ಅಭ್ಯಾಸ ಹೋಗಲಿಲ್ಲ.

ಅಂತರಜಾಲದ ಕಾಲದಲ್ಲಿ ಉಚಿತ ವಾಪಸಾತಿಯನ್ನು ಆಮಿಷವಾಗಿ ಮಾಡಿದ್ದು ಪಾದರಕ್ಷೆಯ ವ್ಯಾಪಾರ. 1999ರಲ್ಲಿ ಆರಂಭವಾದ ಜ್ಯಾಪೋಸ್ ಎಂಬ ಅಮೆರಿಕದ ತಾಣ ಹೋಗುವ ಬರುವ ಎರಡೂ ಸಾಗಣೆಯನ್ನು ಉಚಿತ ಮಾಡಿ, 365 ದಿನಗಳ ಗಡುವು ಕೊಟ್ಟಿತು. ಮೂರು ಅಳತೆ ತರಿಸಿಕೊಂಡು ಎರಡನ್ನು ಮರಳಿಸಿರಿ ಎಂಬ ಧೋರಣೆ. 2009ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಹೊರಟ ಫ್ಲಿಪ್‌ಕಾರ್ಟ್ 2010ರಲ್ಲಿ ‘ಸರಕು ಕೈಸೇರಿದಾಗ ಹಣ’ ಎಂಬ ಪದ್ಧತಿಯನ್ನು ತಂದಾಗ ಪತ್ರಿಕೆಗಳು ಅದನ್ನು ಹೊಸ ಶೋಧವೆಂದು ಹೊಗಳಿದವು. ಕನ್ನಡದ ಹಳೆಯ ಪ್ರಕಾಶಕರು ಇದ್ದಿದ್ದರೆ ನಕ್ಕಿರುತ್ತಿದ್ದರು, ಅದು ವಿ.ಪಿ.ಯ ಮೊಮ್ಮಗ. ಬಾಗಿಲಲ್ಲಿ ನಿರಾಕರಿಸಿದ ಪೊಟ್ಟಣ ಹೊರಟಲ್ಲಿಗೇ ಮರಳುವ ಅದೇ ಹಳೆಯ ಕಾಯಿಲೆಗೆ ಇಂದಿನ ವ್ಯಾಪಾರದ ಭಾಷೆಯಲ್ಲಿ ‘ಆರ್.ಟಿ.ಓ.’ ಎಂಬ ಹೆಸರಿದೆ. ವಾಹನ ಪರವಾನಗಿ ಕೊಡುವ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಕೊಲ್ಲಿಯ ಮಾತು. 1982ರಲ್ಲಿ ಎರಡು ಘಟನೆಗಳು ಸಂಭವಿಸಿದವು. ಮುಂಬಯಿ ಮತ್ತು ಕೊಲ್ಲಿಯ ನಡುವೆ ನಮ್ಮ ಹಿರಿಯರನ್ನು ಅವರ ತಗಡಿನ ಪೆಟ್ಟಿಗೆಗಳೊಂದಿಗೆ ಹೊತ್ತು ತಂದ ‘ದ್ವಾರಕಾ’ ಹಡಗು ತನ್ನ ಕೊನೆಯ ಯಾನವನ್ನು ಮುಗಿಸಿತು. ಅದೇ ವರ್ಷ ಅಮ್ಮಾನಿನಲ್ಲಿ ಅರಾಮೆಕ್ಸ್ ಎಂಬ ಕೊರಿಯರ್ ಸಂಸ್ಥೆ ಹುಟ್ಟಿತು. ನಾಲ್ಕು ವರ್ಷಗಳ ಬಳಿಕ, 1986ರ ನವೆಂಬರಿನಲ್ಲಿ, 25 ಕಿಲೋಮೀಟರ್ ಉದ್ದದ ಕಿಂಗ್ ಫಹದ್ ಸೇತುವೆ ತೆರೆದು ದ್ವೀಪಕ್ಕೆ ಮೊದಲ ಬಾರಿಗೆ ನೆಲದ ದಾರಿಯಾಯಿತು. ಮುಂದೆ ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ನಮಗೊಂದು ವಿಳಾಸವನ್ನು ಬಾಡಿಗೆಗೆ ಕೊಟ್ಟು, ಅಲ್ಲಿ ಬಂದ ಸರಕನ್ನು ಇಲ್ಲಿಗೆ ತಲುಪಿಸುವ ಸೇವೆಗಳು ಬೆಳೆದವು. 2005ರಲ್ಲಿ ದುಬೈಯಲ್ಲಿ ಆರಂಭವಾದ ಸೂಕ್ ಡಾಟ್ ಕಾಮ್ ಅನ್ನು 2017ರಲ್ಲಿ ಅಮೆಜಾನ್ ಕೊಂಡಿತು, 2019ರಲ್ಲಿ ಯು.ಎ.ಇ.ಗೂ 2020ರಲ್ಲಿ ಸೌದಿಗೂ ಅಮೆಜಾನಿನ ಪ್ರತ್ಯೇಕ ತಾಣಗಳು ಆದವು. ಬಹ್ರೇನಿನ ನಾವು ನೆರೆಮನೆಯ ಕಿಟಕಿಯಿಂದ ಕೊಳ್ಳುವವರಾಗಿಯೇ ಉಳಿದೆವು.

ಇಲ್ಲಿಂದಲೇ ತೊಡಕು ಆರಂಭ. ತಾಣದ ಮುಖಪುಟದಲ್ಲಿ ಹೊಳೆಯುವ ‘ಉಚಿತ ವಾಪಸಾತಿ’ ಬಹುಪಾಲು ಆ ತಾಣದ ಸ್ವಂತ ದೇಶದ ಗಿರಾಕಿಗಳಿಗೆ ಸಲ್ಲುವ ಮಾತು. ಹೊರದೇಶದವರ ನಿಯಮ ಪುಟದ ಅಡಿಯಲ್ಲಿ, ಮೂರನೆಯ ಕೊಂಡಿಯೊಳಗೆ ಇರುತ್ತದೆ. ಕೆಲವರು ಹಿಂದಿರುಗಿಸುವ ಸಾಗಣೆಗೆ ಒಂದು ಮಿತಿಯವರೆಗೆ ಮಾತ್ರ ಹಣ ತುಂಬಿಕೊಡುತ್ತಾರೆ. ಕೆಲವರು ಕಳುಹಿಸುವ ಖರ್ಚನ್ನು ಪೂರ್ತಿ ನಮ್ಮ ಮೇಲೆ ಬಿಡುತ್ತಾರೆ. ಬಾಡಿಗೆ ವಿಳಾಸದ ಮೂಲಕ ತರಿಸಿದರೆ ಸ್ಥಿತಿ ಇನ್ನೂ ಇಕ್ಕಟ್ಟಿನದು. ಗಡುವಿನ ಎಣಿಕೆ ಸರಕು ಅಮೆರಿಕದ ಆ ಗೋದಾಮಿನ ಬಾಗಿಲು ಮುಟ್ಟಿದ ದಿನದಿಂದಲೇ ಶುರು. ಅಲ್ಲಿ ನಾಲ್ಕು ದಿನ, ವಿಮಾನದಲ್ಲಿ ಮೂರು ದಿನ, ಇಲ್ಲಿನ ಸುಂಕದ ಕಟ್ಟೆಯಲ್ಲಿ ಎರಡು ದಿನ, ವಾರದ ರಜೆ ಎಂದು ಕಳೆದರೆ, ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಹದಿನಾಲ್ಕು ದಿನಗಳ ಗಡುವಿನಲ್ಲಿ ಉಳಿಯುವುದು ಕೆಲವೇ ದಿನ. ಅಷ್ಟರಲ್ಲಿ ವ್ಯಾಪಾರಿಯ ದೃಷ್ಟಿಯಲ್ಲಿ ಸರಕು ‘ದೇಶ ಬಿಟ್ಟು ಹೋದ’ದ್ದಾಗಿರುತ್ತದೆ, ಬಹಳ ಕಡೆ ಅದೊಂದೇ ಕಾರಣಕ್ಕೆ ಹಕ್ಕು ರದ್ದು.

ಮುಂದಿನದು ಸುಂಕ. ಕೊಲ್ಲಿ ಸಹಕಾರ ಮಂಡಳಿಯ ಆರು ದೇಶಗಳು 2003ರ ಜನವರಿ 1ರಿಂದ ಒಂದೇ ಸುಂಕ ಒಕ್ಕೂಟವಾದವು. ಹೊರಗಿನಿಂದ ಬರುವ ಹೆಚ್ಚಿನ ಸರಕುಗಳ ಮೇಲೆ ಶೇಕಡಾ 5ರ ಸುಂಕ. ಬಹ್ರೇನಿನಲ್ಲಿ ಮೌಲ್ಯವರ್ಧಿತ ತೆರಿಗೆ 2019ರ ಜನವರಿಯಲ್ಲಿ ಶೇಕಡಾ 5ರಂತೆ ಆರಂಭವಾಗಿ, 2022ರ ಜನವರಿಯಲ್ಲಿ ಶೇಕಡಾ 10 ಆಯಿತು. ಸರಕು ಒಳಬರುವಾಗ ಕಟ್ಟಿದ ಈ ಹಣ ಮಾರಿದವನ ಕೈ ಸೇರುವುದಿಲ್ಲ, ಸರ್ಕಾರಕ್ಕೆ ಸೇರುತ್ತದೆ. ಆದ್ದರಿಂದ ಅವನು ‘ಪೂರ್ತಿ ಹಣ ವಾಪಸು’ ಎಂದಾಗ ಇದು ಆ ಪೂರ್ತಿಯೊಳಗೆ ಬರುವುದಿಲ್ಲ. ಮರುರಫ್ತು ಮಾಡಿದ ಸರಕಿನ ಸುಂಕವನ್ನು ಮರಳಿ ಪಡೆಯುವ ಅವಕಾಶ ಕಾನೂನಿನಲ್ಲಿ ಇದೆಯಾದರೂ, ಅದನ್ನು ಬರೆದದ್ದು ಕಂಟೇನರುಗಳಲ್ಲಿ ವ್ಯಾಪಾರ ಮಾಡುವ ಸಾಹುಕಾರರಿಗಾಗಿ. ಒಂದು ಜೊತೆ ಬೂಟು ಹಿಡಿದು ಆ ಕಾಗದಪತ್ರಗಳ ಹಿಂದೆ ಹೊರಟರೆ ಬೂಟು ಸವೆದೀತು.

ಬರುವಾಗ ಅಗ್ಗವಾದದ್ದು ಹೋಗುವಾಗ ಏಕೆ ದುಬಾರಿ ಎಂಬ ಪ್ರಶ್ನೆಯನ್ನು ಸದಸ್ಯರು ಪದೇ ಪದೇ ಕೇಳುತ್ತಾರೆ. ಇದರ ಉತ್ತರ 1874ಕ್ಕೆ ಹೋಗುತ್ತದೆ. ಆ ವರ್ಷ ಬರ್ನ್ ನಗರದಲ್ಲಿ ವಿಶ್ವ ಅಂಚೆ ಒಕ್ಕೂಟ ಹುಟ್ಟಿದಾಗ, ಪ್ರತಿಯೊಂದು ದೇಶವೂ ತಾನು ವಸೂಲು ಮಾಡಿದ ಅಂಚೆವೆಚ್ಚವನ್ನು ತಾನೇ ಇಟ್ಟುಕೊಳ್ಳಬೇಕೆಂದು ನಿರ್ಣಯವಾಯಿತು. ಹೋದ ಪತ್ರಕ್ಕೆ ಒಂದು ಉತ್ತರ ಬಂದೇ ಬರುತ್ತದೆ, ಕೊಡುಕೊಳುಗೆ ಸಮವಾಗುತ್ತದೆ ಎಂಬ ಸುಂದರವಾದ ನಂಬಿಕೆ ಅದರ ಹಿಂದಿತ್ತು. ಪತ್ರಗಳ ವಿಷಯದಲ್ಲಿ ಅದು ಹೆಚ್ಚುಕಡಿಮೆ ನಿಜ. ಸಮತೋಲ ತಪ್ಪಿದುದನ್ನು ಕಂಡು 1969ರಲ್ಲಿ, ಪಡೆದ ದೇಶಕ್ಕೆ ಕಳುಹಿಸಿದ ದೇಶ ಒಂದಿಷ್ಟು ತೆರುವ ‘ಟರ್ಮಿನಲ್ ಡ್ಯೂಸ್’ ಏರ್ಪಾಟು ಬಂತು. ಅದರಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಕಡಮೆ ದರ. ಆ ದರದ ಲಾಭ ಚೀನಾದ ಸಣ್ಣ ಪೊಟ್ಟಣಗಳಿಗೆ ದೊರೆಯಿತು. ಅಮೆರಿಕ ಒಕ್ಕೂಟವನ್ನೇ ಬಿಡುವುದಾಗಿ ಹೆದರಿಸಿದ ಮೇಲೆ 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ವಿಶೇಷ ಸಮ್ಮೇಳನ ದರಗಳನ್ನು ತಿದ್ದಿತು. ಇದರ ಜೊತೆಗೆ, ಒಳಬರುವ ಸರಕು ಸಾವಿರ ಪೆಟ್ಟಿಗೆಗಳ ಒಟ್ಟು ಗಂಟಿನಲ್ಲಿ, ವ್ಯಾಪಾರಿ ಕುದುರಿಸಿದ ಸಗಟು ದರದಲ್ಲಿ ಬರುತ್ತದೆ. ಹೊರಹೋಗುವುದು ನಮ್ಮ ಒಂಟಿ ಪೆಟ್ಟಿಗೆ, ಚಿಲ್ಲರೆ ದರದಲ್ಲಿ. ಅದರಲ್ಲಿ ಲಿಥಿಯಂ ಬ್ಯಾಟರಿಯೋ ಸುಗಂಧದ್ರವ್ಯವೋ ಇದ್ದರೆ ವಿಮಾನಕ್ಕೆ ಅಪಾಯಕಾರಿ ಎಂಬ ಕಾರಣದಿಂದ ಎಷ್ಟೋ ಸಲ ಮುಟ್ಟುವವರೇ ಇರುವುದಿಲ್ಲ.

ನಮ್ಮ ಮನೆಯಲ್ಲಿ ನಡೆದುದನ್ನೇ ಹೇಳುವುದಾದರೆ, ಮಗಳ ಶಾಲೆಯ ಕ್ರೀಡಾದಿನಕ್ಕೆಂದು ಸಮುದ್ರದಾಚೆಯ ಒಂದು ತಾಣದಿಂದ 14 ದಿನಾರಿನ ಬೂಟು ತರಿಸಿದೆವು. ಕೇಳಿದ್ದು ಒಂದು ಅಳತೆ, ಬಂದದ್ದು ಇನ್ನೊಂದು. ರಸೀತಿಯಲ್ಲಿಯೇ ವ್ಯತ್ಯಾಸ ಸ್ಪಷ್ಟವಾಗಿತ್ತು. ವಾಪಸಾತಿಗೆ ಒಪ್ಪಿಗೆಯೂ ಬಂತು. ಒಪ್ಪಿಗೆಯ ಜೊತೆ ಬಂದ ಮುದ್ರಿತ ಚೀಟಿ ಆ ದೇಶದೊಳಗಿನ ಅಂಚೆಗೆ ಮಾತ್ರ ಸಲ್ಲುವಂಥದ್ದು. ಇಲ್ಲಿನ ಕೊರಿಯರಿನವರು ಹೇಳಿದ ದರ 19 ದಿನಾರ್. ಮೂರು ವಾರಗಳ ಪತ್ರವ್ಯವಹಾರದ ಕೊನೆಗೆ ಅವರು ಬೆಲೆಯ ಶೇಕಡಾ 30ನ್ನು ಕೊಡುತ್ತೇವೆ, ಬೂಟನ್ನು ಇಟ್ಟುಕೊಳ್ಳಿ ಎಂದರು. ಕ್ರೀಡಾದಿನ ಅಷ್ಟರಲ್ಲಿ ಮುಗಿದಿತ್ತು. ಮಹಡಿಯ ಮೇಲಿನ ಉಡುಪಿಯ ಅಕ್ಕನ ಮಗನಿಗೆ ಆ ಬೂಟು ಸರಿಹೋಯಿತು ಎಂಬುದು ಸಮಾಧಾನ.

‘ಇಟ್ಟುಕೊಳ್ಳಿ’ ಎಂಬ ಆ ಮಾತಿನ ಹಿಂದೆ ದಾಕ್ಷಿಣ್ಯವಿಲ್ಲ, ಗಣಿತವಿದೆ. ಮರಳಿ ಬಂದ ಸರಕನ್ನು ಬಿಚ್ಚಿ, ಪರೀಕ್ಷಿಸಿ, ಮಡಿಸಿ ಮತ್ತೆ ಮಾರುವ ಕೂಲಿ ಎಷ್ಟೋ ಸಲ ಸರಕಿನ ಬೆಲೆಗಿಂತ ಹೆಚ್ಚು. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟದ ಅಂದಾಜಿನಂತೆ 2021ರಲ್ಲಿ ಆ ದೇಶವೊಂದರಲ್ಲೇ ಮರಳಿದ ಸರಕಿನ ಬೆಲೆ 761 ಶತಕೋಟಿ ಡಾಲರ್, ಅಂದರೆ ಮಾರಾಟದ ಶೇಕಡಾ 16.6. ಅದರಲ್ಲಿ ಒಂದು ಭಾಗ ಸಗಟು ಹರಾಜಿಗೂ ಇನ್ನೊಂದು ಭಾಗ ಕಸದ ಗುಂಡಿಗೂ ಹೋಗುತ್ತದೆ. ಫ್ರಾನ್ಸ್ 2020ರ ಕಾನೂನಿನ ಮೂಲಕ, ಮಾರಾಟವಾಗದೆ ಉಳಿದ ಸರಕನ್ನು ನಾಶಮಾಡುವುದನ್ನು ನಿಷೇಧಿಸಬೇಕಾಗಿ ಬಂದುದು ಇದೇ ಕಾರಣದಿಂದ. ಉಟ್ಟು ಫೋಟೋ ತೆಗೆಸಿಕೊಂಡು ಮರಳಿಸುವ ಗಿರಾಕಿಗಳ ಪಾಲೂ ಇದರಲ್ಲಿದೆ. ನಮ್ಮವರಲ್ಲಿ ಅಂಥವರಿಲ್ಲ ಎಂದು ಆಣೆಯಿಡಲಾರೆ. ಆ ಖರ್ಚೆಲ್ಲ ಕೊನೆಗೆ ಬೆಲೆಯೊಳಗೆ ಸೇರಿ, ಎಂದೂ ಏನನ್ನೂ ಮರಳಿಸಲಾಗದ ನಮ್ಮಂಥವರಿಂದಲೂ ವಸೂಲಾಗುತ್ತದೆ. ಉಳಿದೆಲ್ಲ ತೊಂದರೆಗಳಿಗಿಂತ ನನಗೆ ದೊಡ್ಡ ಅನ್ಯಾಯವಾಗಿ ಕಾಣುವುದು ಇದು: ಶಿಕಾಗೋದವನ ಉಚಿತ ವಾಪಸಾತಿಗೆ ಸಲ್ಮಾನಿಯಾದವನು ಚಂದಾ ಕಟ್ಟುತ್ತಾನೆ.

ಈಚಿನ ವರ್ಷಗಳಲ್ಲಿ ಆ ಔದಾರ್ಯವೂ ಹಿಂಜರಿಯುತ್ತಿದೆ. 2022ರಲ್ಲಿ ಜಾರಾ ಬ್ರಿಟನ್ನಿನ ಗಿರಾಕಿಗಳಿಂದ ಅಂಚೆ ವಾಪಸಾತಿಗೆ 1.95 ಪೌಂಡ್ ಪಡೆಯತೊಡಗಿತು. ಎಚ್ ಅಂಡ್ ಎಂ ಮುಂದಿನ ವರ್ಷ ಅದೇ ದಾರಿ ಹಿಡಿಯಿತು. 2025ರ ಆಗಸ್ಟ್ 29ರಿಂದ ಅಮೆರಿಕವು 800 ಡಾಲರಿನೊಳಗಿನ ಸಣ್ಣ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ನಿಲ್ಲಿಸಿತು. ಹೊಸ ಸುಂಕವನ್ನು ಯಾರು ಹೇಗೆ ವಸೂಲು ಮಾಡಬೇಕೆಂದು ತಿಳಿಯದೆ ಹಲವು ದೇಶಗಳ ಅಂಚೆಗಳು ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ತಡೆದವು. ಭಾರತದ ಅಂಚೆಯೂ ಆಗಸ್ಟ್ 25ರಿಂದ ಬಹುಪಾಲು ರವಾನೆಯನ್ನು ಸ್ಥಗಿತಗೊಳಿಸಿತು. ಅಲ್ಲಿನ ತಾಣಕ್ಕೆ ಏನನ್ನಾದರೂ ಮರಳಿಸುವವರು ಈಗ ಪೆಟ್ಟಿಗೆಯ ಮೇಲಿನ ಸುಂಕಪತ್ರದಲ್ಲಿ ‘ಹಿಂದಿರುಗಿಸಿದ ಸರಕು’ ಎಂದು ಸ್ಪಷ್ಟವಾಗಿ ಬರೆದು, ಮೂಲ ರಸೀತಿಯ ಪ್ರತಿಯನ್ನು ಲಗತ್ತಿಸುವುದು ಅತ್ಯವಶ್ಯ. ಇಲ್ಲದಿದ್ದರೆ ಅದು ಹೊಸ ಆಮದೆಂದು ಎಣಿಕೆಯಾಗಿ, ಅಲ್ಲಿಯ ಸುಂಕ ನಮಗೆ ಮರಳಬೇಕಾದ ಹಣದಲ್ಲಿ ಕಡಿತವಾಗುವ ಸಂಭವವಿದೆ.

ಕಾನೂನಿನ ಆಸರೆಯ ವಿಷಯವನ್ನು ಎರಡೇ ಮಾತುಗಳಲ್ಲಿ ಹೇಳಬಹುದು. ಬಹ್ರೇನಿನ 2012ರ 35ನೆಯ ಕಾನೂನು ಗ್ರಾಹಕರ ರಕ್ಷಣೆಗಾಗಿಯೇ ಇದೆ. ದೋಷವಿರುವ ಸರಕಿನ ಬಗ್ಗೆ ಇಲ್ಲಿನ ಅಂಗಡಿಯ ಮೇಲೆ ಕೈಗಾರಿಕೆ ಮತ್ತು ವಾಣಿಜ್ಯ ಸಚಿವಾಲಯಕ್ಕೆ ದೂರು ಕೊಡಬಹುದು. ಸಮುದ್ರದಾಚೆ ನೋಂದಣಿಯಾದ ವ್ಯಾಪಾರಿಯ ಬಾಗಿಲಿಗೆ ಆ ಕೈ ಚಾಚುವುದು ಕಷ್ಟ. ಭಾರತದ ತಾಣಗಳಿಂದ ಊರಿನ ತಂದೆತಾಯಿಯರಿಗೆ ತರಿಸುವವರಿಗೆ ಮಾತ್ರ 2020ರ ಜುಲೈಯ ಇ-ವಾಣಿಜ್ಯ ನಿಯಮಗಳ ಬಲವಿದೆ: ದೋಷಯುಕ್ತ, ನಕಲಿ, ಅಥವಾ ವರ್ಣನೆಗೆ ಹೊಂದದ ಸರಕನ್ನು ಮರಳಿ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಎರಡೂ ಕಡೆ ಕಾರ್ಡಿನ ಮೂಲಕ ಹಣ ಕೊಟ್ಟವರಿಗೆ ಬ್ಯಾಂಕಿನಲ್ಲಿ ತಕರಾರು ಸಲ್ಲಿಸುವ ದಾರಿಯಿದೆ. ಅದಕ್ಕೂ ಗಡುವಿದೆ, ಆದ್ದರಿಂದ ವ್ಯಾಪಾರಿಯ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತ ಕೂರಬಾರದು. ಡಾಲರಿಗೆ 0.376ರಂತೆ ಬಿಗಿದ ದಿನಾರಿನಿಂದಾಗಿ ಅಮೆರಿಕದ ವ್ಯವಹಾರದಲ್ಲಿ ವಿನಿಮಯದ ಏರಿಳಿತವಿಲ್ಲ; ಪೌಂಡ್, ಯೂರೋ, ರೂಪಾಯಿಗಳಲ್ಲಿ ಕೊಂಡವರಿಗೆ ಮರಳುವ ಹಣ ಕೊಟ್ಟಷ್ಟೇ ಇರಬೇಕೆಂದಿಲ್ಲ.

ಇಷ್ಟೆಲ್ಲ ಕೋಲಾಹಲದ ನಡುವೆ ನನ್ನ ಗಮನವನ್ನು ಸೆಳೆದಿರುವುದು ನಮ್ಮ ನಾಡಿನ ಸಣ್ಣ ಮಾರಾಟಗಾರರು. ಇಳಕಲ್ಲಿನ ಸೀರೆ, ಚನ್ನಪಟ್ಟಣದ ಬೊಂಬೆಗಳನ್ನು ಕೊಲ್ಲಿಗೆ ಕಳುಹಿಸುವ ಕುಟುಂಬಗಳು ಉಚಿತ ವಾಪಸಾತಿಯ ಮಾತನ್ನೇ ಎತ್ತಲಾರವು; ಒಂದು ಸೀರೆ ಮರಳಿದರೆ ನಾಲ್ಕು ಸೀರೆಗಳ ಲಾಭ ಹೋಯಿತು. ‘ವಾಪಸು ಇಲ್ಲ’ ಎಂದು ಅವರು ಮೊದಲೇ ಬರೆಯುತ್ತಾರೆ. ಬದಲಿಗೆ ಹಗಲಿನ ಬೆಳಕಿನಲ್ಲಿ ಸೆರಗನ್ನು ಬಿಡಿಸಿ, ಒಳಗಿನ ಟೋಪಿ-ತೆನೆಯ ನೇಯ್ಗೆಯನ್ನು ಹತ್ತಿರದಿಂದ ತೋರಿಸುವ ಒಂದು ವಿಡಿಯೋವನ್ನು ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ; ಒಪ್ಪಿಗೆ ಬಂದ ಮೇಲೆಯೇ ಕಟ್ಟುತ್ತಾರೆ. ಕಳೆದ ದೀಪಾವಳಿಗೆ ನಮ್ಮ ಬಳಗದ ಆರು ಮನೆಗಳು ಸೇರಿ ಹಾಗೆ ತರಿಸಿದ ಹನ್ನೊಂದು ಸೀರೆಗಳಲ್ಲಿ ಒಂದೂ ಕಪಾಟಿನ ಮೇಲೆ ಉಳಿದಿಲ್ಲ.